ಸೋದರತ್ತೆ ಇಟ್ಟ ಬಿರುದು

“ಬುದ್ಧಿ, ಇವುಗಳಲ್ಲಿ ಯಾವುದು ತಕ್ಕ ಹೆಸರು?” ಎಂದು ರೇವಯ್ಯ ಕೇಳಿದ.

ಗಡಿಯ ಕಾಳಗದಲ್ಲಿ ಗೆದ್ದವರಿಗೆ ಕೊಡಲು ಅರಮನೆಯವರು ಹೊಸದೊಂದು ಪದಕ ಮಾಡಿಸಿದ್ದರು. ಅದಕ್ಕೆ ಮಠದಿಂದಲೇ ಹೆಸರು ಬರಬೇಕೆಂದು ಓಲೆ ಕಳುಹಿಸಿದ್ದರು. ಓಲೆ ತಂದ ಸಿಪಾಯಿ ಬೆಳಗಿನಿಂದ ಹೊರಜಗಲಿಯಲ್ಲಿ ಕಾದಿದ್ದ. ರೇವಯ್ಯ ಮಠದ ಶಿಷ್ಯರಲ್ಲೆಲ್ಲ ಹೆಚ್ಚು ಓದಿದವನು. ಊಟವನ್ನೂ ಬಿಟ್ಟು ಕೂತು ಹನ್ನೊಂದು ಹೆಸರುಗಳನ್ನು ಬರೆದು ತಂದಿದ್ದ. ತಾನು ಇಟ್ಟ ಹೆಸರನ್ನು ಅರಮನೆಯಲ್ಲಿ ಕೂಗುತ್ತಾರೆ ಎಂಬ ಹಿಗ್ಗು ಅವನ ಮುಖದಲ್ಲಿ ಕಾಣುತ್ತಿತ್ತು.

ಗುರುಗಳು ಪಟ್ಟಿಯನ್ನು ಓದಿದರು. “ಅಬ್ಬಬ್ಬಾ! ಇದನ್ನು ಕೂಗಿ ಮುಗಿಸುವಷ್ಟರಲ್ಲಿ ಶತ್ರು ಉಂಡು ಕೈ ತೊಳೆದಿರುತ್ತಾನೆ. ಕೂತುಕೋ. ನಡುವೆ ಬಾಯಿ ಹಾಕಬೇಡ,” ಎಂದು ಹೇಳತೊಡಗಿದರು:

ಒಬ್ಬ ಅರಸನಿದ್ದ. ಅವನ ನಾಡಿನಲ್ಲಿ ಒಂದು ಪದ್ಧತಿ ಇತ್ತು. ತೊಟ್ಟಿಲ ಶಾಸ್ತ್ರದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಯಾರು? ಸೋದರತ್ತೆ, ಅಪ್ಪನ ಒಡಹುಟ್ಟಿದವಳು. ಬಿರುದು ಪಡೆಯುವುದೂ ಒಂದು ಹುಟ್ಟೇ ಎಂದು ಆ ನಾಡಿನವರು ತಿಳಿದಿದ್ದರು. ಆದ್ದರಿಂದ ಹೊಸ ಬಿರುದಿನ ಮೊದಲ ಕಡಗವನ್ನು ಕಾಲಿಗೆ ತೊಡಿಸುವ ಮುನ್ನ ವೀರನ ಸೋದರತ್ತೆ ಸಭೆಗೆ ಬಂದು ಅವನ ಕಿವಿಯಲ್ಲಿ ಹೆಸರು ಹೇಳಬೇಕು. ವೀರ ಎದ್ದು ನಿಂತು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದ ಕೂಡಲೇ ಅಕ್ಕಸಾಲಿ ಅಲ್ಲೇ ಕೂತು ಅದನ್ನು ಕಡಗದ ಮೇಲೆ ಕೊರೆಯಬೇಕು. ಕೊರೆದದ್ದನ್ನು ಅರಸನೂ ಅಳಿಸುವಂತಿಲ್ಲ. ಮುಂದೆ ಆ ಬಗೆಯ ಕಡಗವನ್ನು ಯಾರಿಗೆ ಕೊಟ್ಟರೂ ಅದೇ ಹೆಸರಿನಲ್ಲಿ ಕೊಡಬೇಕು.

ಅರಮನೆಯವರೇನು ದಡ್ಡರೇ? ಪಂಡಿತರು ಮೊದಲೇ ಹೆಸರು ಗೊತ್ತುಮಾಡಿ, ಅತ್ತೆಗೆ ಬಾಯಿಪಾಠ ಮಾಡಿಸಿಯೇ ಸಭೆಗೆ ಕರೆತರುತ್ತಿದ್ದರು. ಶಾಸ್ತ್ರಕ್ಕೆ ಶಾಸ್ತ್ರವೂ ಆಯಿತು, ಅರಸನ ಇಷ್ಟವೂ ನಡೆಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಕೋಟೆಯ ಮೇಲೆ ಶತ್ರು ಬಂದ. ಕುದುರೆಗಳಿಗೆ ಹುಲ್ಲು ತರಲು ಹತ್ತು ಮಂದಿ ಹೊರಗೆ ಹೋಗಿದ್ದರು. ಅವರು ಹಿಂದಿರುಗುವಾಗ ಶತ್ರುವಿನ ಸವಾರರು ಬೆನ್ನಟ್ಟಿದರು. ಹೆಬ್ಬಾಗಿಲಲ್ಲಿ ಇದ್ದವನು ಒಬ್ಬನೇ ಕಾವಲುಗಾರ. ಬಾಗಿಲು ಹಾಕಿದರೆ ಹೊರಗಿನ ಹತ್ತು ಮಂದಿ ಸಾಯುತ್ತಾರೆ. ಹಾಕದಿದ್ದರೆ ಒಳಗಿನ ಎರಡು ಸಾವಿರ ಜೀವ ಹೋಗುತ್ತದೆ. ಅವನು ಬಾಗಿಲು ಹಾಕಿ ಅಗುಳಿ ಜಡಿದ. ಒಂಬತ್ತು ಮಂದಿ ದಾರಿಯಲ್ಲೇ ಬಿದ್ದರು. ಒಬ್ಬ ಮಾತ್ರ ಬಾಗಿಲವರೆಗೆ ಓಡಿ ಬಂದ. ಬಾಗಿಲು ತೆರೆಯಲಿಲ್ಲ. ಅವನು ಹೊಸಿಲ ಮುಂದೆಯೇ ಸತ್ತ.

ಅವನ ಹೆಸರು ಕೆಂಚ. ಕಾವಲುಗಾರನ ಸೋದರತ್ತೆಗೆ ಅವನು ಒಬ್ಬನೇ ಮಗ. ಕಾವಲುಗಾರ ತಾಯಿ ಇಲ್ಲದವನು. ಅವನನ್ನೂ ಆ ಅತ್ತೆಯೇ ಸಾಕಿದ್ದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು.

ಮೂರನೆಯ ದಿನ ನೆರವಿನ ದಂಡು ಬಂತು. ಶತ್ರು ಕಾಲಿಗೆ ಬುದ್ಧಿ ಹೇಳಿದ. ಊರೆಲ್ಲ ಕಾವಲುಗಾರನ ಮಾತೇ ಆಯಿತು. ಸ್ವಂತ ಅತ್ತೆಯ ಮಗ ಬಂದು ಕೂಗಿದರೂ ಅಗುಳಿ ತೆಗೆಯಲಿಲ್ಲವಂತೆ, ಎಂಥ ಗುಂಡಿಗೆ ಅವನದು ಎಂದು ಜನ ಕೊಂಡಾಡಿದರು. ಅರಸನೂ ಹಾಗೇ ತಿಳಿದ. ಕೋಟೆ ಕಾದವರಿಗೆಂದೇ ಹೊಸ ಕಡಗ ಮಾಡಿಸಲು ಹೇಳಿದ. ಮೊದಲನೆಯದು ಕಾವಲುಗಾರನಿಗೆ. ಪಂಡಿತರು ಎಂಟು ದಿನ ಜಗಳವಾಡಿ ‘ದುರ್ಗದ್ವಾರಭೈರವ’ ಎಂಬ ಹೆಸರನ್ನು ಆರಿಸಿದರು. ನಿನ್ನ ಪಟ್ಟಿಯಲ್ಲಿ ನಾಲ್ಕನೆಯದು ಇದರ ತಮ್ಮನ ಹಾಗಿದೆ, ನೋಡಿಕೋ.

ಕಾವಲುಗಾರ ಮಾತ್ರ ದಿನವೂ ಅತ್ತೆಯ ಮನೆಗೆ ಹೋಗುತ್ತಿದ್ದ. ಅತ್ತೆ ಬಾಗಿಲು ತೆಗೆಯುತ್ತಿರಲಿಲ್ಲ. ಅವನು ಹೊಸಿಲಾಚೆ ನಿಂತು ಏನೋ ಹೇಳಲು ಬಾಯಿ ತೆರೆಯುವನು. ಹೇಳಲಾರದೆ ಹಿಂದಿರುಗುವನು. ಹೀಗೆ ಒಂದು ತಿಂಗಳು ಕಳೆಯಿತು.

ಒಂದು ದಿನ ಪಂಡಿತ ಹೆಸರು ಕಲಿಸಲು ಅತ್ತೆಯ ಮನೆಗೆ ಹೋದ. ಅರಮನೆಯ ಅಪ್ಪಣೆ ಎಂದ ಮೇಲೆ ಅವಳು ಬಾಗಿಲು ತೆಗೆದಳು. ಅವನು ಇಪ್ಪತ್ತು ಸಲ ಹೇಳಿದ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಪಂಡಿತ ಬೆವರುತ್ತ ಮಂತ್ರಿಯ ಹತ್ತಿರ ಓಡಿದ.

“ಕೆಟ್ಟೆವು ಸ್ವಾಮಿ! ಆಯಮ್ಮ ಸಭೆಯಲ್ಲಿ ‘ಕೊಲೆಗಡುಕ’ ಅಂದುಬಿಟ್ಟರೆ ಅದನ್ನೇ ಕೊರೆಯಬೇಕಲ್ಲ!”

ಬೇರೆ ಹೆಂಗಸನ್ನು ಕೂರಿಸೋಣವೆಂದರೆ ಕಾವಲುಗಾರನಿಗೆ ಇದ್ದವಳು ಒಬ್ಬಳೇ ಸೋದರತ್ತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಂತ್ರಿ ಯೋಚನೆ ಮಾಡಿ ಕಾವಲುಗಾರನನ್ನೇ ಕರೆಸಿದ.

“ಅವಳು ಕಿವಿಯಲ್ಲಿ ಏನು ಬೇಕಾದರೂ ಹೇಳಲಿ. ನೀನು ಎದ್ದು ನಿಂತು ದುರ್ಗದ್ವಾರಭೈರವ ಅನ್ನು. ಕಿವಿಯೊಳಗಿನ ಮಾತು ಯಾರಿಗೆ ಗೊತ್ತಾಗುತ್ತದೆ? ಬೇರೆ ಅಂದೆಯೋ, ನಿನ್ನ ತಲೆ ಉಳಿಯುವುದಿಲ್ಲ,” ಎಂದ. ಕಾವಲುಗಾರ ತಲೆ ತಗ್ಗಿಸಿಕೊಂಡು ಹೋದ.

ಸಭೆ ಸೇರಿತು. ಅರಸ ಸಿಂಹಾಸನದಲ್ಲಿ ಕೂತ. ಅಕ್ಕಸಾಲಿ ಕಡಗವನ್ನು ಮರದ ಹಲಗೆಯ ಮೇಲಿಟ್ಟು ಉಳಿ ಹಿಡಿದು ಕಾದ. ಅತ್ತೆ ಬಂದಳು. ಯಾರನ್ನೂ ನೋಡಲಿಲ್ಲ. ಕಾವಲುಗಾರ ಅವಳ ಮುಂದೆ ಮಂಡಿಯೂರಿ ಕಿವಿ ಕೊಟ್ಟ. ಅವಳು ಬಗ್ಗಿದಳು.

ಅವಳು ಬಾಯಿ ತೆರೆಯುವ ಮೊದಲೇ ಕಾವಲುಗಾರ ಅವಳ ಕಿವಿಯಲ್ಲಿ ಹೇಳಿದ: “ಅತ್ತೇ, ನಾನು ಅಗುಳಿ ಎತ್ತಿದ್ದೆ. ಕೆಂಚ ಓಡಿ ಬಂದು ನನ್ನ ಹೆಸರು ಹಿಡಿದು ಕೂಗಿದ. ನನ್ನ ಕೈ ನಿಲ್ಲಲಿಲ್ಲ. ಅರ್ಧ ಎತ್ತಿದ್ದೆ. ಆ ಸದ್ದು ಕೇಳಿ ಅವನೇ ‘ತೆಗೀಬೇಡ ಕಣೋ, ಅವರು ಹಿಂದೇನೇ ಇದ್ದಾರೆ’ ಅಂದ. ಹೊರಕ್ಕೆ ತೆರೆಯುವ ಬಾಗಿಲಿಗೆ ಬೆನ್ನು ಕೊಟ್ಟು, ನಾನು ತೆಗೆಯದಂತೆ ಒತ್ತಿ ನಿಂತ. ಬೆನ್ನು ಹಲಗೆಗೆ ಬಡಿದದ್ದು ನನಗೆ ಕೇಳಿಸಿತು.”

“ಇಷ್ಟು ದಿನ ಯಾಕೋ ಹೇಳಲಿಲ್ಲ?”

“ಎಲ್ಲರೂ ಹೊಗಳುತ್ತಿದ್ದರು, ಅತ್ತೇ. ಮೊದಲು ನಾಚಿಕೆಯಾಯಿತು. ಆಮೇಲೆ ಹೆದರಿಕೆಯಾಯಿತು.”

ಸಭೆಗೆ ಇದೊಂದೂ ಕೇಳಿಸಲಿಲ್ಲ. ಮುದುಕಿಯ ಕೈ ಅವನ ಹೆಗಲ ಮೇಲಿದ್ದದ್ದು ಮಾತ್ರ ಕಂಡಿತು. ಆಮೇಲೆ ಅವಳು ಅವನ ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿ ನೆಟ್ಟಗಾದಳು.

ಕಾವಲುಗಾರ ಎದ್ದು ನಿಂತ. ಈಗ ಹೇಳು ರೇವಯ್ಯ, ನೀನಾಗಿದ್ದರೆ ಏನು ಮಾಡುತ್ತಿದ್ದೆ? ಬೇಡ, ಹೇಳಬೇಡ. ಸಭೆಯಲ್ಲಿ ನಿಂತು ಬೆವರದವನ ಉತ್ತರ ಯಾರಿಗೆ ಬೇಕು? ಅವನ ನಾಲಗೆಯ ಮೇಲೆ ಎರಡು ಹೆಸರಿದ್ದವು. ಒಂದನ್ನು ಹೇಳಿದರೆ ತಲೆ ಉಳಿಯುತ್ತದೆ. ಕೇಳಿಸಿಕೊಂಡವರು ಯಾರೂ ಇಲ್ಲ. ಅತ್ತೆಯೂ ಅವನ ಮುಖ ನೋಡಲಿಲ್ಲ.

“ಕೆಂಚ,” ಎಂದ ಅವನು.

ಯಾರೋ ಕಿಸಕ್ಕನೆ ನಕ್ಕರು. ಅರಸನ ಮುಖ ಕೆಂಪಾಯಿತು. “ಕೆಂಚನೇ? ಹುಲ್ಲು ಹೊರುವವನ ಹೆಸರು ನನ್ನ ಕಡಗದ ಮೇಲೆಯೇ?” ಎಂದು ಗುಡುಗಿದ. ಕಾವಲುಗಾರ ಅತ್ತೆಗೆ ಹೇಳಿದ್ದನ್ನೆಲ್ಲ ಸಭೆಗೂ ಹೇಳಿದ. ತಾನು ಅಗುಳಿ ಎತ್ತಿದ್ದನ್ನೂ ಬಿಡಲಿಲ್ಲ.

“ಶತ್ರು ಮುತ್ತಿದಾಗ ಅಗುಳಿ ಎತ್ತಿದವನಿಗೆ ಏನು ಶಿಕ್ಷೆ, ಬಲ್ಲೆಯಾ?”

“ಬಲ್ಲೆ, ಮಹಾಸ್ವಾಮಿ. ತಲೆ.”

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಆಗ ಟಕ್ ಟಕ್ ಎಂಬ ಸದ್ದು ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ಅಕ್ಕಸಾಲಿ ತಲೆ ಬಗ್ಗಿಸಿ ಕೊರೆಯುತ್ತಿದ್ದ. ಹೆಸರು ಹೇಳಿದ ಕೂಡಲೇ ಕೊರೆಯಬೇಕೆಂಬುದು ಅವನ ಅಪ್ಪನ ಕಾಲದ ಕಟ್ಟಳೆ. ಅರಸ “ನಿಲ್ಲಿಸು” ಎನ್ನುವಷ್ಟರಲ್ಲಿ ಮುಗಿದೇಹೋಗಿತ್ತು. ಎರಡೇ ಅಕ್ಷರ, ಎಷ್ಟು ಹೊತ್ತು ಬೇಕು? ದುರ್ಗದ್ವಾರಭೈರವ ಆಗಿದ್ದರೆ ತಡೆಯಲು ಪುರುಸೊತ್ತು ಸಿಗುತ್ತಿತ್ತು.

ಕೊರೆದದ್ದನ್ನು ಅಳಿಸುವಂತಿಲ್ಲ. ಅರಸ ಕಡಗವನ್ನು ಎಡಗೈಗೆ ತೆಗೆದುಕೊಂಡು ಆ ಎರಡು ಅಕ್ಷರವನ್ನು ನೋಡುತ್ತ ಕೂತ. ಅವನ ಕೋಪ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕಡೆಗೆ ಅತ್ತೆಯ ಕಡೆ ತಿರುಗಿದ.

“ಹೆಸರಿನವನು ಸತ್ತಿದ್ದಾನೆ, ತಾಯಿ. ಇದನ್ನು ಯಾರ ಕಾಲಿಗೆ ತೊಡಿಸಲಿ?”

“ಇವನ ಕಾಲಿಗೇ ತೊಡಿಸಿ, ಮಹಾಸ್ವಾಮಿ. ನನ್ನ ಮಗ ಇನ್ನು ಎಲ್ಲಿಗೂ ನಡೆಯಲಾರ. ಇವನಾದರೂ ನಡೆಯಲಿ.”

ಅರಸ ಕತ್ತಿಯ ಹಿಡಿಯಿಂದ ಕೈ ತೆಗೆದ. ಕಡಗ ತೊಡಿಸಿದರು. ವಾದ್ಯದವರಿಗೆ ಊದಬೇಕೋ ಬೇಡವೋ ತಿಳಿಯಲಿಲ್ಲ. ಅತ್ತೆ ಸಭೆಯಿಂದ ಹೊರಟಳು. ಕಾವಲುಗಾರ ಹತ್ತು ಹೆಜ್ಜೆ ಹಿಂದೆ ನಡೆದ. ಪ್ರತಿ ಹೆಜ್ಜೆಗೂ ಕಡಗ ಗಿಣ್ಣಿಗೆ ಬಡಿಯುತ್ತಿತ್ತು. ಮನೆ ಬಂತು. ಅತ್ತೆ ಒಳಗೆ ಹೋದಳು. ಅವನು ಎಂದಿನಂತೆ ಹೊಸಿಲಾಚೆ ನಿಂತ. ಆ ದಿನ ಅವಳು ಬಾಗಿಲು ಹಾಕಿಕೊಳ್ಳಲಿಲ್ಲ.

ಅಂದಿನಿಂದ ಆ ನಾಡಿನಲ್ಲಿ ಎಂಥ ಶೂರನಿಗಾದರೂ ಕೊಡುವುದು ಕೆಂಚನ ಕಡಗವನ್ನೇ. ತೊಡಿಸಿಕೊಂಡವನನ್ನು ಮಕ್ಕಳು ಕೇಳುತ್ತಾರೆ, ಕೆಂಚ ಯಾರು ಎಂದು. ಅವನು ತನ್ನ ಶೌರ್ಯವನ್ನು ಬದಿಗಿಟ್ಟು ಮೊದಲು ಈ ಕತೆ ಹೇಳಬೇಕಾಗುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ರೇವಯ್ಯ ಪಟ್ಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

“ಈ ಹನ್ನೊಂದೂ ಬೇಡ, ಬುದ್ಧಿ. ಆದರೆ ಅರಮನೆಗೆ ಏನಾದರೂ ಬರೆದು ಕಳುಹಿಸಬೇಕಲ್ಲ. ಯಾವ ಹೆಸರು ಬರೆಯಲಿ?”

ಗುರುಗಳು ಕಿಟಕಿಯಾಚೆ ನೋಡಿದರು. ಜಗಲಿಯ ನೆರಳು ಆಗಲೇ ಸರಿದುಹೋಗಿತ್ತು. ಓಲೆ ತಂದ ಸಿಪಾಯಿ ಬಿಸಿಲಿನಲ್ಲೇ ಕೂತಿದ್ದ. ಅವನ ಪಕ್ಕದಲ್ಲಿ ಊರುಗೋಲಿತ್ತು. ಚಾಚಿಕೊಂಡ ಕಾಲಿಗೆ ಮಂಡಿಯಿಂದ ಕೆಳಗೆ ಬಟ್ಟೆ ಸುತ್ತಿತ್ತು.

“ಗಡಿಯಿಂದ ಕುಂಟಿಕೊಂಡು ಬಂದವನು ಬೆಳಗಿನಿಂದ ನಮ್ಮ ಬಾಗಿಲ ಹೊರಗೆ ಕೂತಿದ್ದಾನಲ್ಲ, ಅವನ ಹೆಸರು ಕೇಳಿದೆಯಾ?”