ದೆವ್ವಕ್ಕೆ ಜಡೆ ಹಾಕಿದ ಚೆನ್ನಾಜಿ

ಯಾವುದೋ ಒಂದು ಕಾಲ, ಅದರಲ್ಲಿ ಯಾವುದೋ ಒಂದು ಊರು. ಊರಿನ ಹೆಸರು ಕೇಳಬೇಡಿ, ಹೇಳಿದವರೇ ಮರೆತಿದ್ದರು. ಬೇಲಿ ಬೇಲಿಯ ಮೇಲೂ ಸೀಗೆಮೆಳೆ, ಹಿತ್ತಿಲು ಹಿತ್ತಿಲಲ್ಲೂ ದಾಸವಾಳ ಇತ್ತು ಅನ್ನೋದು ಮಾತ್ರ ನಿಜವಂತೆ.

ಆ ಊರಿಗೆ ಚೆನ್ನಾಜಿ ಅನ್ನೋ ಹೆಣ್ಣು ಸೊಸೆಯಾಗಿ ಬಂದಳಂತೆ. ಗಂಡ ಕೆಂಚಯ್ಯ ಗಾಡಿ ಹೊಡೆಯೋನು, ಮಾತು ಕಮ್ಮಿ. ಅವನ ಪಾಲಿನ ಮಾತನ್ನೂ ಸೇರಿಸಿ ಅತ್ತೆ ಕಾಳಾಜಮ್ಮನೇ ಆಡೋಳು. ಚೆನ್ನಾಜಿ ಮುದ್ದೆ ತೊಳಸಿದರೆ ಗಂಟು, ರೊಟ್ಟಿ ತಟ್ಟಿದರೆ ಕರಕಲು, ಪೈರು ನೆಟ್ಟರೆ ಸೊಟ್ಟ. ಆದರೆ ಯಾರದಾದರೂ ಒಂದು ತಲೆ ಅವಳ ಕೈಗೆ ಸಿಕ್ಕಿತೋ, ಮುಗೀತು! ಎಣ್ಣೆ ಒತ್ತಿ, ಸೀಗೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದಳು ಅಂದರೆ, ಆ ತಲೆಯ ಯಜಮಾನಿ ಕೂತಲ್ಲೇ ತೂಕಡಿಸೋಳಂತೆ.

"ತಲೆ ಬಾಚಿದರೆ ಹೊಟ್ಟೆ ತುಂಬುತ್ತೇನೇ?" ಅಂತ ಅತ್ತೆ ದಿನಾ ಕೇಳೋಳು.

ಒಂದು ದಿನ ಚೆನ್ನಾಜಿಗೆ ರೇಗಿತು. "ತುಂಬುತ್ತೆ ಅತ್ತೆ. ತುಂಬಿಸಿ ತೋರಿಸ್ತೀನಿ" ಅಂದಳು.

ಅಂದವಳೇ ಸೀಗೆಕಾಯಿ ಒಣಗಿಸಿದಳು, ಮೆಂತ್ಯ ಹುರಿದಳು, ದಾಸವಾಳದ ಎಲೆ, ಬೇವಿನ ಎಲೆ ನೆರಳಲ್ಲಿ ಹಾಕಿದಳು. ಎಲ್ಲ ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿ, ಮುತ್ತುಗದ ಎಲೆಯಲ್ಲಿ ಪುಟ್ಟ ಪುಟ್ಟ ಪೊಟ್ಟಣ ಕಟ್ಟಿದಳು. ಗರಗದ ಸೊಪ್ಪು ಹಾಕಿ ಎಣ್ಣೆ ಕಾಯಿಸಿ ಸೋರೆಬುರುಡೆಗೆ ತುಂಬಿದಳು. ಬುಟ್ಟಿ ಹೊತ್ತು ಸಂತೆಗೆ ಹೋದಳು.

ಸಂತೆಯಲ್ಲಿ ಏನಾಯಿತು? ಬಂದವರೆಲ್ಲ ಮೂಸಿ ನೋಡಿ ನಕ್ಕರಂತೆ. "ಅಲ್ವೇ ತಾಯಿ, ಸೀಗೆ ನಮ್ಮ ಬೇಲಿ ಮೇಲೇ ಐತೆ. ಬೇಲಿ ಮೇಲಿರೋದನ್ನ ಯಾರಾದರೂ ಕೊಳ್ತಾರಾ?" ಅಂದರು. ಒಂದೇ ಒಂದು ಪೊಟ್ಟಣ ಹೋಗಲಿಲ್ಲ. ಬಿಸಿಲು ನೆತ್ತಿಗೇರಿತು. ಚೆನ್ನಾಜಿ ತುಂಬಿದ ಬುಟ್ಟಿಯನ್ನ ಹಾಗೇ ತಲೆ ಮೇಲಿಟ್ಟುಕೊಂಡು ಊರ ಕಡೆ ಹೊರಟಳು. ಅತ್ತೆ ಮುಖ ಹೇಗೆ ನೋಡಲಿ ಅನ್ನೋ ಯೋಚನೆಯಲ್ಲಿ ಕಣ್ಣು ತುಂಬಿ ದಾರಿಯೇ ಕಾಣಲಿಲ್ಲ. ಹಾಳುಬಾವಿ ಪಕ್ಕದ ಹುಣಸೆಮರದ ಕೆಳಗೆ ಕೂತುಬಿಟ್ಟಳು.

ಆ ಮರದ ಕೆಳಗೆ ಮಟಮಟ ಮಧ್ಯಾಹ್ನ ಯಾರೂ ಕೂರುತ್ತಿರಲಿಲ್ಲ. ಯಾಕೆ? ಅಲ್ಲೊಂದು ದೆವ್ವ ಇತ್ತಂತೆ!

ಕೊಂಬೆ ಲಟಲಟ ಅಂತು. ಕೂದಲು ಕೆದರಿಕೊಂಡು, ಕಣ್ಣು ಕೆಕ್ಕರಿಸಿಕೊಂಡು ದೆವ್ವ ಧೊಪ್ಪನೆ ಎದುರಿಗೆ ಬಿತ್ತು. "ಹಾಆಆ! ಯಾರೇ ನೀನು? ನನ್ನ ಮರದ ಕೆಳಗೆ ಕೂರೋ ಧೈರ್ಯ ಯಾರು ಕೊಟ್ಟರು?"

ಚೆನ್ನಾಜಿ ತಲೆ ಎತ್ತಿ ನೋಡಿದಳು. ದೆವ್ವದ ಕಾಲು ಹಿಂದುಮುಂದಾಗಿದ್ದನ್ನ ನೋಡಲಿಲ್ಲ, ಕೋರೆಹಲ್ಲು ನೋಡಲಿಲ್ಲ. ಅವಳ ಕಣ್ಣು ಹೋಗಿದ್ದು ಒಂದೇ ಕಡೆಗೆ.

"ಅಯ್ಯೋ ನಿನ್ನ ತಲೆಯೇ!" ಅಂದಳು. "ಇದೇನವ್ವ, ಕಾಗೆ ಗೂಡು ಕಟ್ಟೈತಲ್ಲ! ಎಣ್ಣೆ ಕಂಡು ಎಷ್ಟು ಕಾಲ ಆಯ್ತು?"

ದೆವ್ವ ಬಾಯಿ ತೆರೆದಿದ್ದು ಹಾಗೇ ನಿಂತಿತು. ಅದುವರೆಗೆ ಅದನ್ನ ಕಂಡವರು ಕಿರುಚಿದ್ದರು, ಓಡಿದ್ದರು, ಮೂರ್ಛೆ ಹೋಗಿದ್ದರು. ತಲೆಯ ಬಗ್ಗೆ ವಿಚಾರಿಸಿದವರು ಯಾರೂ ಇರಲಿಲ್ಲ.

"ಸತ್ತಾಗಿಂದ ಎಣ್ಣೆ ಕಂಡಿಲ್ಲ ಕಣೇ" ಅಂತು ದೆವ್ವ, ಸಣ್ಣ ದನಿಯಲ್ಲಿ. "ಮದುವೆ ಹಿಂದಿನ ದಿನ ಸತ್ತೆ. ಜಡೆ ಹಾಕಿಸಿಕೊಳ್ಳೋದೇ ಉಳಿದುಹೋಯ್ತು. ಈ ತುರಿಕೆ ತಡೀಲಾರದೆ ಕಿರುಚ್ತೀನಿ. ಜನ ನಾನು ಹೆದರಿಸ್ತೀನಿ ಅಂದ್ಕೊಂಡವ್ರೆ."

"ನಾನು ಕೆಂಚಯ್ಯನ ಹೆಂಡತಿ ಚೆನ್ನಾಜಿ. ಬಾ, ಕೂತ್ಕೋ" ಅಂದಳು.

ಬಾವಿ ಪಕ್ಕದ ಕಲ್ಲುತೊಟ್ಟಿಯ ನೀರು ಬಿಸಿಲಿಗೆ ಹದವಾಗಿ ಕಾದಿತ್ತು. ಬುರುಡೆ ಎಣ್ಣೆಯೆಲ್ಲ ನೆತ್ತಿಗೆ ಒತ್ತಿದಳು. ಒಂದು ಪೊಟ್ಟಣ ಸಾಲಲಿಲ್ಲ, ಎರಡು ಸಾಲಲಿಲ್ಲ, ಬುಟ್ಟಿಯೇ ಅರ್ಧ ಖಾಲಿಯಾಯಿತು. ಕೂದಲಿನಿಂದ ಕಡ್ಡಿ ಬಂತು, ಮುಳ್ಳು ಬಂತು, ಹುಣಸೆ ಬೀಜ ಬಂತು, ಒಂದು ಗುಬ್ಬಿಮರಿಯೂ ಬಂತಂತೆ! ಸಿಕ್ಕು ಒಂದೊಂದೇ ಬಿಡಿಸಿ, ಬಿಸಿಲಲ್ಲಿ ಆರಿಸಿ, ಉದ್ದಕ್ಕೆ ಜಡೆ ಹೆಣೆದು, ತುದಿಗೆ ಕಾಡುಮಲ್ಲಿಗೆ ಸಿಕ್ಕಿಸಿದಳು. ದೆವ್ವ ಬಾವಿಗೆ ಬಗ್ಗಿ ತನ್ನ ನೆರಳು ನೋಡಿಕೊಂಡಿತು. ನೋಡಿತು, ಮತ್ತೆ ನೋಡಿತು, ಜಡೆಯನ್ನ ಮುಂದಕ್ಕೆ ಹಾಕಿಕೊಂಡು ನೋಡಿತು.

ಚೆನ್ನಾಜಿ ಬುಟ್ಟಿ ಹೊತ್ತು ಮನೆಗೆ ಹೋದ ಮೇಲೆ, ಸಂತೆ ಮುಗಿಸಿಕೊಂಡು ಊರ ಹೆಂಗಸರು ಅದೇ ದಾರಿಯಲ್ಲಿ ಬಂದರಂತೆ. ಮರದ ಕೆಳಗೆ ದೆವ್ವ ಕಂಡಿತು. ಕಿರುಚೋಕೆ ಬಾಯಿ ತೆರೆದರು. ಆದರೆ ಕೂಗು ಬಾಯಿಂದ ಹೊರಗೆ ಬರಲಿಲ್ಲ.

"ಲೇ, ಆ ಜಡೆ ನೋಡೇ!" ಅಂದಳು ಒಬ್ಬಳು.

"ಹಾವಿನಂಗೆ ಮಿನುಗ್ತಾ ಐತಲ್ಲೇ!" ಅಂದಳು ಇನ್ನೊಬ್ಬಳು.

"ಯಾರು ಹಾಕಿದ್ದು ತಾಯಿ?" ಅಂತ ಮೂರನೆಯವಳು ದೆವ್ವವನ್ನೇ ಕೇಳಿಬಿಟ್ಟಳು.

"ಯಾರು ಅಂದರೆ? ನಿಮ್ಮೂರ ಕೆಂಚಯ್ಯನ ಹೆಂಡತಿ ಚೆನ್ನಾಜಿ!" ಅಂತ ದೆವ್ವ ಜಂಬದಿಂದ ಜಡೆ ಬೀಸಿತಂತೆ.

ಮಾರನೇ ದಿನ ಕೋಳಿ ಕೂಗೋ ಹೊತ್ತಿಗೆ ಕಾಳಾಜಮ್ಮ ಬಾಗಿಲು ತೆರೆದರೆ, ಅಂಗಳದ ತುಂಬ ಹೆಂಗಸರು! ಯಾರೋ ಸತ್ತೇಹೋದರು ಅಂತ ಎದೆ ಬಡಿದುಕೊಂಡಳು. "ಯಾರೂ ಸತ್ತಿಲ್ಲ ಅತ್ತೆಮ್ಮ. ದೆವ್ವದ ತಲೆ ಹದ ಮಾಡಿದ ಕೈಗೆ ನಮ್ಮ ತಲೆ ಯಾವ ಲೆಕ್ಕ! ಎಲ್ಲಿ ನಿನ್ನ ಸೊಸೆ?" ಅಂದರು. ಕಾಳಾಜಮ್ಮ ಒಳಗೆ ಓಡಿ ಸೊಸೆಯನ್ನ ಅಲುಗಾಡಿಸಿ ಎಬ್ಬಿಸಿದಳು. ಅವತ್ತು ಮೊದಲ ಸಲ "ಏಳು ಮಗಳೇ" ಅಂದಳಂತೆ.

ಆಮೇಲೆ ನೋಡಿ ಗಡಿಬಿಡಿ! ಚೆನ್ನಾಜಿ ಯಾರಿಗೂ ಕಣ್ಣು ಮುಚ್ಚಿ ಪುಡಿ ಕೊಡಲಿಲ್ಲ. ಮೊದಲು ತಲೆ ಮುಟ್ಟಿ ನೋಡೋಳು. "ನಿನ್ನದು ಒಣತಲೆ, ನಿನಗೆ ಮೆಂತ್ಯ ಜಾಸ್ತಿ. ನಿನಗೆ ಹೊಟ್ಟು, ಬೇವು ಹಾಕಬೇಕು. ನೀನು ಬಾಣಂತಿ, ಉದುರಿದ್ದು ಬರುತ್ತೆ, ಅಳಬೇಡ." ಹೀಗೆ ಒಂದೊಂದು ತಲೆಗೆ ಒಂದೊಂದು ಹದ. ಬೇಲಿ ಮೇಲೆ ಸಿಗದೇ ಇದ್ದದ್ದು ಇದೇ ನೋಡಿ. ಸೀಗೆ ಎಲ್ಲರ ಮನೆಯಲ್ಲಿತ್ತು, ಈ ಹದ ಯಾರ ಮನೆಯಲ್ಲೂ ಇರಲಿಲ್ಲ.

ಒಂದು ಒರಳು ಸಾಲಲಿಲ್ಲ. ಪಕ್ಕದ ಮನೆಯವಳು ಒನಕೆ ಹಿಡಿದು ಬಂದಳು, ಅವಳ ಹಿಂದೆ ಅವಳ ನಾದಿನಿ ಬಂದಳು, ಕೊನೆಗೆ ಕೇರಿಯೇ ಬಂತು. ಕುಟ್ಟಿದವಳಿಗೆ ಕುಟ್ಟಿದ ಪಾಲು, ಸೊಪ್ಪು ತಂದವಳಿಗೆ ಸೊಪ್ಪಿನ ಪಾಲು. ಎಣ್ಣೆ ಬಾಣಲೆಯ ಮುಂದೆ ಕಾಳಾಜಮ್ಮ ಕೂತಳು. ಹದ ತಪ್ಪಿದರೆ ಮೂಗಿನಲ್ಲೇ ಹಿಡಿಯೋಳು. ಕೆಂಚಯ್ಯ ಗಾಡಿಗೆ ಜಡೆಯ ಚಿತ್ರ ಬರೆಸಿ ಸಂತೆ ಸಂತೆಗೂ ಹೊಡೆದ. ಜಡೆಗಾಡಿ ಬಂತು ಅಂದರೆ ಜನ ಹೊಲದಲ್ಲಿ ಕುಡುಗೋಲು ಬಿಟ್ಟು ಓಡಿಬರೋರಂತೆ!

ಹುಣಸೆಮರದ ದೆವ್ವಕ್ಕೂ ಚೆನ್ನಾಜಿ ವಾರ ವಾರ ಎಣ್ಣೆ ಹಚ್ಚೋಳು. ಒಂದು ಮಧ್ಯಾಹ್ನ ಹೂ ಮುಡಿಸಿ ಮುಗಿಸಿದಾಗ ದೆವ್ವ ಅಂತು: "ತಲೆ ಹಗುರಾಯ್ತು ಕಣೇ ಚೆನ್ನಾಜಿ. ನಾನೂ ಹಗುರಾಗಿಬಿಟ್ಟೆ." ಗಾಳಿ ಬೀಸಿತು. ಚೆನ್ನಾಜಿಯ ಕೈಯಲ್ಲಿ ಬಾಚಣಿಗೆ ಉಳಿಯಿತು, ಎದುರಿಗೆ ಯಾರೂ ಇರಲಿಲ್ಲ. ಅವಳು ಬಾವಿಕಟ್ಟೆ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತು, ಆಮೇಲೆ ಎದ್ದು ಮನೆಗೆ ಬಂದಳಂತೆ.

ಹೀಗಿರುವಾಗ ಈ ಪುಡಿ ಆ ನಾಡಿನ ರಾಜನ ಕೋಟೆಯೊಳಕ್ಕೂ ಹೋಯಿತು. ರಾಣಿ ತಲೆಗೆ ಹಾಕಿಕೊಂಡಳು, ಕೂದಲು ರೇಶಿಮೆಯಾಯಿತು. ಕುಣಿದಾಡಿದಳು. ಆದರೆ ಒಂದು ದಿನ ನೀರು ತರೋ ಆಳಿನವಳು ಎದುರಿಗೆ ಬಂದಳು. ಅವಳ ಜಡೆಯೂ ಹಾಗೇ ಮಿನುಗುತ್ತಿತ್ತು! ರಾಣಿಗೆ ಅನ್ನ ಸೇರಲಿಲ್ಲ. ರಾಜನ ಹತ್ತಿರ ಹೋಗಿ, "ಅರಮನೆ ತಲೆಗೂ ಆಳಿನ ತಲೆಗೂ ಒಂದೇ ಪುಡಿಯಾ?" ಅಂತ ಅತ್ತಳು.

ರಾಜ ಚೆನ್ನಾಜಿಯನ್ನ ಕರೆಸಿದ. "ಇನ್ನು ಮೇಲೆ ನಿನ್ನ ಪುಡಿ, ಎಣ್ಣೆ ಎಲ್ಲ ಅರಮನೆಗೆ ಮಾತ್ರ. ಕೋಟೆಯೊಳಗೆ ನಿನಗೆ ಮನೆ ಕೊಡ್ತೀನಿ. ಹೊರಗೆ ಒಂದು ಪೊಟ್ಟಣ ಹೋಯಿತೋ, ಕುಟ್ಟಿದವರು, ಕೊಂಡವರು, ಎಲ್ಲರ ತಲೆಯನ್ನೂ ಬೋಳಿಸ್ತೀನಿ" ಅಂದ.

ಚೆನ್ನಾಜಿ ತನ್ನ ಜೊತೆ ಕುಟ್ಟಿದವರನ್ನೆಲ್ಲ ನೆನೆದಳು. ತನ್ನ ಜಡೆ ಹೋದರೆ ಹೋಗಲಿ, ಅಷ್ಟು ಹೆಂಗಸರ ಜಡೆ! ಆದರೂ ಕೈಮುಗಿದು ಒಂದು ಮಾತು ಹೇಳಿದಳು: "ನನ್ನೊಡೆಯಾ, ಹೇನಿಗೆ ಕೋಟೆ ಬಾಗಿಲು ಕಾಣಲ್ಲ. ಊರ ತಲೆ ಕೆಟ್ಟರೆ ಅರಮನೆ ತಲೆ ಉಳಿಯಲ್ಲ."

ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ರಾಜನೂ ನಕ್ಕ.

ಅರಮನೆಗೆ ಬೇಕಾದಷ್ಟು ಕುಟ್ಟಿಕೊಟ್ಟ ಮೇಲೆ ಒರಳು ಮೌನವಾಯಿತು. ಜಡೆಗಾಡಿ ಹಿತ್ತಿಲಲ್ಲಿ ನಿಂತಿತು. ಒನಕೆ ಹಿಡಿದಿದ್ದ ಹೆಂಗಸರು ಅಂಗಳಕ್ಕೆ ಬಂದು ಬರಿಗೈಲಿ ಹೋಗೋರು. "ಕೋಟೆಯೊಳಗೆ ಮನೆ ಕೊಡ್ತಾನಂತಲ್ಲೇ, ಹೋಗೋಣ್ವಾ?" ಅಂದಳು ಕಾಳಾಜಮ್ಮ. ಮತ್ತೆ ತಾನೇ, "ಬೇಡ. ಅಲ್ಲಿ ಯಾರ ಹತ್ತಿರ ಮಾತಾಡಲಿ?" ಅಂದಳಂತೆ.

ಆಮೇಲೇನಾಯಿತು? ಊರ ತಲೆಗಳು ಒಣಗಿದವು. ಕೋಟೆಯ ಅಗಸೆಬಾಗಿಲು ಕಾಯೋನ ತಲೆಯಲ್ಲಿ ಒಂದು ಹೇನು ಹುಟ್ಟಿತು. ಹೇನು ಸೀರಿಟ್ಟಿತು, ಸೀರು ಹೇನಾಯಿತು. ಅಗಸೆಯವನಿಂದ ಹೂವಾಡಗಿತ್ತಿಗೆ, ಹೂವಾಡಗಿತ್ತಿಯಿಂದ ನೀರಿನವಳಿಗೆ, ನೀರಿನವಳಿಂದ ದಾಸಿಗೆ, ದಾಸಿಯಿಂದ ರಾಣಿಗೆ! ಪುಡಿ ಹಾಕಿ ಇವತ್ತು ತೊಳೆದರೆ ನಾಳೆ ಮತ್ತೆ ಹಾಜರ್. ರಾಣಿಯ ದಿಂಬಿನಿಂದ ರಾಜನ ದಿಂಬಿಗೆ ಎಷ್ಟು ದೂರ?

ಒಂದು ದಿನ ತುಂಬಿದ ಸಭೆ. ಪರದೇಶದ ರಾಯಭಾರಿ ಬಂದು ಕೂತಿದ್ದಾನೆ. ರಾಜ ಗಂಭೀರವಾಗಿ ಕೂತ. ಕಿರೀಟದ ಕೆಳಗೆ ಚುರುಕ್ ಅಂತು. ಸಹಿಸಿದ. ಮತ್ತೆ ಚುರುಕ್! ಬೆರಳು ತೂರಿಸಿದ. ತುರಿಸಿದ. ಎರಡೂ ಕೈಲಿ ತುರಿಸಿದ. ಕಿರೀಟ ಠಣ್ ಅಂತ ಬಿದ್ದು ಉರುಳಿಕೊಂಡು ಹೋಗಿ ರಾಯಭಾರಿಯ ಕಾಲ ಬುಡದಲ್ಲಿ ನಿಂತಿತು! ಎತ್ತಿಕೊಡೋಕೆ ಮಂತ್ರಿ ಬಗ್ಗಿದ, ಅವನೂ ತುರಿಸಿಕೊಳ್ಳುತ್ತಲೇ ಬಗ್ಗಿದನಂತೆ.

"ಕರೀರೋ ಆ ಚೆನ್ನಾಜೀನ!" ಅಂತ ರಾಜ ಕೂಗಿದ.

ಚೆನ್ನಾಜಿ ಬಂದಳು. ಜೊತೆಗೆ ಹಂಡೆ ಬಂದವು, ಒನಕೆ ಹಿಡಿದ ಹೆಂಗಸರು ಬಂದರು, ಹೇನು ಬಾಚೋ ಸೀರಣಿಗೆಯ ಕಟ್ಟು ಹಿಡಿದು ಕಾಳಾಜಮ್ಮ ಬಂದಳು.

"ಮೊದಲು ನನ್ನ ತಲೆ ನೋಡು" ಅಂದ ರಾಜ.

"ಆಗಲ್ಲ ನನ್ನೊಡೆಯಾ" ಅಂದಳು ಚೆನ್ನಾಜಿ. "ನಿಮ್ಮದನ್ನ ಮೊದಲು ತೊಳೆದರೆ ಸಂಜೆಗೆ ಮತ್ತೆ ಹತ್ತುತ್ತೆ. ಹೇನು ಬಂದ ದಾರೀಲೇ ಹೋಗಬೇಕು. ಮೊದಲು ಅಗಸೆಯವನು, ಆಮೇಲೆ ಹೂವಿನವಳು, ನೀರಿನವಳು, ದಾಸಿ, ರಾಣಿಯಮ್ಮ. ಕೊನೆಗೆ ನೀವು."

ರಾಜನ ಕಣ್ಣು ಕೆಂಪಾಯಿತು. ಬೈಯೋಕೆ ಬಾಯಿ ತೆರೆದ. ಅಷ್ಟರಲ್ಲಿ ಮತ್ತೆ ಚುರುಕ್! ಎರಡೂ ಕೈ ತಲೆಗೆ ಹೋಯಿತು. "ಹಾಗೇ ಆಗಲಿ ತಾಯಿ, ಬೇಗ ಶುರು ಮಾಡು!" ಅಂದ.

ಅರಮನೆ ಅಂಗಳದಲ್ಲಿ ಸಾಲು ಕೂತಿತು. ಎಂಥ ಸಾಲು! ಅಗಸೆಯವನು ಮುಂದೆ, ರಾಜ ಕಟ್ಟಕಡೆಗೆ, ಬರಿತಲೆಯಲ್ಲಿ, ಕಿರೀಟ ತೊಡೆ ಮೇಲೆ. ಚೆನ್ನಾಜಿ ಎಣ್ಣೆ ಒತ್ತಿದಳು, ಕಾಳಾಜಮ್ಮ ಬಿಸಿನೀರು ಹುಯ್ದಳು, ಹೆಂಗಸರು ಸೀರಣಿಗೆ ಎಳೆದರು. ನೋಡೋಕೆ ಬಂದವರು ಕೋಟೆ ಗೋಡೆ ಹತ್ತಿ ಕೂತರು. ಕಾಯ್ತಾ ಕಾಯ್ತಾ ರಾಜ ಮುಂದಿದ್ದ ರಾಣಿಯ ತಲೆಯಲ್ಲಿ ತಾನೇ ಹೇನು ಹೆಕ್ಕೋಕೆ ಶುರುಮಾಡಿದ. ರಾಣಿ ತಿರುಗಿ ನೋಡಿ ನಕ್ಕಳು. ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇರಲಿಲ್ಲವಂತೆ.

ರಾಜನ ಸರದಿ ಬಂತು. ಚೆನ್ನಾಜಿಯ ಬೆರಳು ನೆತ್ತಿಗೆ ಬಿದ್ದದ್ದೇ, "ಅವ್ವಾ..." ಅಂದ. ಅಷ್ಟೇ. ರಾಜ್ಯಭಾರವೆಲ್ಲ ಮರೆತು ಗೊರಕೆ ಹೊಡೆದುಬಿಟ್ಟ!

ಎದ್ದ ಮೇಲೆ ಡಂಗುರ ಹೊಡೆಸಿದ. ಜಡೆಪುಡಿಗೆ ತಡೆಯಿಲ್ಲ, ಯಾರ ತಲೆಗೂ ಭೇದವಿಲ್ಲ. "ಇನ್ನೇನು ಬೇಕು ಕೇಳು ಚೆನ್ನಾಜಿ. ಊರು ಬೇಕಾ, ಉಂಬಳಿ ಬೇಕಾ?"

"ಅವೆಲ್ಲ ಬೇಡ ನನ್ನೊಡೆಯಾ. ಸುಂಕದ ಕಟ್ಟೆಯವರು ನಮ್ಮ ಗಾಡಿ ತಡೆಯದೇ ಇದ್ದರೆ ಸಾಕು. ಗಡಿ ಆಚೆಗೂ ತಲೆಗಳಿವೆ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕು, ಹೂಂ ಅಂದನಂತೆ. ಮಾರನೇ ದಿನ ಬೆಳ್ಳಂಬೆಳಗ್ಗೆ ಹೊಸ ಎತ್ತು, ಹೊಸ ಗಾಡಿ, ಸಾಲುಸಾಲಾಗಿ ಗಡಿ ದಾಟಿದವು. ಮುಂದಿನ ಗಾಡಿಯಲ್ಲಿ ಕಾಳಾಜಮ್ಮ ಎಣ್ಣೆ ಗಡಿಗೆ ತಬ್ಬಿಕೊಂಡು ಕೂತು, "ದಾರಿ ಬಿಡ್ರೋ, ನನ್ನ ಸೊಸೆ ಬರ್ತಾವ್ಳೆ!" ಅಂತ ಕೂಗ್ತಾ ಇದ್ದಳಂತೆ.

ಅಲ್ಲಿ ಅವರ ಒರಳು ನಿಲ್ಲದಿರಲಿ, ಇಲ್ಲಿ ಕತೆ ಕೇಳಿದ ನಿಮ್ಮ ನೆತ್ತಿ ತಣ್ಣಗಿರಲಿ.