ಕೊಪ್ಪರಿಗೆ ಮೇಲೆ ಕೂತ ಬೋರಜ್ಜಿ

ನಮ್ಮಜ್ಜನ ಅಜ್ಜಿಗೇ ಇನ್ನೂ ಹಲ್ಲು ಬಂದಿರದ ಕಾಲ. ಬೇಲದಕೆರೆ ಅಂತ ಒಂದೂರಲ್ಲಿ ಬೋರಜ್ಜಿ ಅಂತ ಒಬ್ಬಳಿದ್ದಳಂತೆ. ಮದುವೆಯಾಗಲಿ, ತಿಥಿಯಾಗಲಿ, ಸುತ್ತ ಏಳೂರಿಗೆ ಅವಳದೇ ಅಡುಗೆ. ಬೂದಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆಯದೆ ಸೌಟು ಮುಟ್ಟುತ್ತಿರಲಿಲ್ಲವಂತೆ. ಕೈ ತೊಳೆಯದವರು ಮುಟ್ಟಿದರೆ ಅದೇ ಸೌಟಲ್ಲಿ ಒಂದು ಕೊಡುತ್ತಿದ್ದಳಂತೆ; ಕೊಟ್ಟಮೇಲೆ ಸೌಟನ್ನೂ ತೊಳೆಯುತ್ತಿದ್ದಳಂತೆ.

ಅವಳು ಹಾಗಾಗಿದ್ದಕ್ಕೆ ಕಾರಣವಿತ್ತು. ಚಿಕ್ಕವಳಿದ್ದಾಗ ಅವಳ ತಂಗಿ ಯಾರದೋ ಮನೆಯ ತಂಗಳು ಸಾರುಂಡು ಎರಡೇ ದಿನಕ್ಕೆ ಹೋಗಿಬಿಟ್ಟಿತ್ತು. ಗಾಳಿ ಸೋಕಿತು ಅಂದಿತಂತೆ ಊರು. ಬೋರಿ ಮಾತ್ರ ಹೋಗಿ ಆ ಸಾರಿನ ಗಡಿಗೆ ನೋಡಿಬಂದಳಂತೆ.

ಒಂದು ಸಲ ಊರಗೌಡ ಸಿಂಗ್ರೇಗೌಡನ ಮಗಳ ಮದುವೆ. ಗಂಡಿನ ಕಡೆಯವರು ಸಂಜೆಗೇ ಬರುತ್ತಾರೆ ಅಂತ ಒಂದು ಕೊಪ್ಪರಿಗೆ ಅಕ್ಕಿ ಪಾಯಸ ಮಾಡಿಟ್ಟಿದ್ದರು. ಬಂಡಿ ಅಚ್ಚು ಮುರಿದು ಅವರು ಬಂದದ್ದು ಮರುದಿನ ಬೆಳಿಗ್ಗೆ. ಪಾಯಸ ಘಮ್ಮಂತಿದೆ, ಅದನ್ನೇ ಬಡಿಸಿ ಅಂದ ಗೌಡ. ಬೋರಜ್ಜಿ ಹೋಗಿ ಕೊಪ್ಪರಿಗೆಯ ಮುಚ್ಚಳದ ಮೇಲೆ ಕೂತುಬಿಟ್ಟಳಂತೆ.

“ಗೌಡ, ನೀನು ಕರೆದ ನೆಂಟರಿಗಿಂತ ಮುಂಚೆ ಕರೀದೋರು ಬಂದು ಇದರಾಗೆ ಕೂತವ್ರೆ. ಕಣ್ಣಿಗೆ ಕಾಣಾಕಿಲ್ಲ, ಮೂಗಿಗೆ ಸಿಗಾಕಿಲ್ಲ. ಒಬ್ಬ ಬಂದ್ರೆ ಬೆಳಗಾಗೋದ್ರಾಗೆ ಊರೇ ಆಗ್ತಾರೆ.”

ಜನ ನಕ್ಕರು. ಕುದಿಸಿದರೆ ಸಾಯುತ್ತಾರೆ ಬಿಡು ಅಂದ ಗೌಡ. ಅವರು ಸತ್ತರೂ ಕಕ್ಕಿಟ್ಟ ವಿಷ ಸಾಯೋದಿಲ್ಲ ಅಂದಳಂತೆ ಇವಳು. ನೆಂಟರೆದುರಿಗೆ ಮಾನ ಹೋದಂತಾಗಿ ಗೌಡ ಅವಳನ್ನು ಎಬ್ಬಿಸಿ, ಪಾಯಸವನ್ನು ಮತ್ತೆ ಕುದಿಸಿ ತಾನೇ ಮೂರು ಬಟ್ಟಲು ಕುಡಿದನಂತೆ. ಅವನ ಮನೆಯವರು ಇವತ್ತಿಗೂ ಎರಡೇ ಅಂತಾರೆ.

ಧಾರೆ ಎರೆಯೋಕೆ ಗೌಡ ತಂಬಿಗೆ ಎತ್ತಿದ, ಹೊಟ್ಟೆ ಗುಡುಗಿತು. ಡೋಲಿನವನು ತಾಳ ತಪ್ಪಿದನಂತೆ. ಗೌಡ ತಂಬಿಗೆ ಸಮೇತ ಕತ್ತಾಳೆ ಬೇಲಿ ಕಡೆ ಓಡಿದ. ಆಮೇಲೆ ತಂಬಿಗೆ ವಾಪಸ್ ಬಂತು, ಆದರೆ ಪುರೋಹಿತರು ಅದನ್ನು ಮುಟ್ಟಲಿಲ್ಲವಂತೆ. ಬೇರೆ ತಂಬಿಗೆ ತರಿಸಿ ಗೌಡನ ತಮ್ಮನ ಕೈಲಿ ಧಾರೆ ಎರೆಸಿದರು. ಅಷ್ಟರಲ್ಲಿ ಬೋರಜ್ಜಿ ಪಾಯಸವನ್ನು ಗುಂಡಿಗೆ ಸುರಿದು, ಸುಣ್ಣ ಹಾಕಿ ಮುಚ್ಚಿ, ಮುನ್ನೂರು ಜನಕ್ಕೆ ಹೊಸದಾಗಿ ಹುಗ್ಗಿ ಬೇಯಿಸಿದ್ದಳು. ಉಂಡ ಒಬ್ಬರಿಗೂ ಹೊಟ್ಟೆ ನುಲಿಯಲಿಲ್ಲ.

ಸಂಜೆಗೆ ಗೌಡ ಒಣಗಿದ ಸೋರೆಬುರುಡೆಯಂತಾಗಿದ್ದ. ಅವನ ಗುಳಿಬಿದ್ದ ಕಣ್ಣು ನೋಡಿ ಬೋರಜ್ಜಿಗೆ ತಂಗಿಯ ನೆನಪಾಯಿತಂತೆ. ಪಕ್ಕ ಬಿಡದೆ ಕೂತು, ಉಪ್ಪು ಬೆರೆಸಿದ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು.

“ಅಜ್ಜಿ, ಒಳಗೆ ಇನ್ನೂ ಎಷ್ಟು ಜನ ಅವ್ರೆ?” ಅಂತ ಕೇಳಿದನಂತೆ ಗೌಡ.

“ನೆಂಟರಲ್ವ ಗೌಡ, ಹೊರಡ್ತಾರೆ. ನೀನು ಅಡ್ಡ ನಿಲ್ಲಬೇಡ.”

ಮೂರನೇ ದಿನ ಗೌಡ ಎದ್ದು ಕೂತ.

ಬಿಸಿ ಆರಿದರೆ ಕರೀದೋರು ಬಂದು ಕೂರುತ್ತಾರೆ ಅಂತ, ಈಗಲೂ ಬೇಲದಕೆರೆಯಲ್ಲಿ ಯಾವ ಊಟವಾದರೂ ಸರಿ, ಬಡಿಸೋ ಮುಂಚೆ ಊರಿನ ಹಿರಿಮುತ್ತೈದೆಯೊಬ್ಬಳು ಬಂದು ಪಾತ್ರೆಯ ಹೊರಮೈಗೆ ಬೆರಳು ತಾಗಿಸುತ್ತಾಳೆ. ಬೆರಳು ಸುಡದೆ ಸುಮ್ಮನಿದ್ದಳೋ, ಆಗಷ್ಟೇ ಬೇಯಿಸಿದ್ದಾದರೆ ಪಾತ್ರೆ ಮತ್ತೆ ಒಲೆಗೆ, ರಾತ್ರಿಯದಾದರೆ ಗುಂಡಿಗೆ. ಮಂತ್ರವೆಲ್ಲ ಮುಗಿದಿರಲಿ, ಪುರೋಹಿತರೇ ಎಲೆ ಮುಂದೆ ಹಸಿದು ಕೂತಿರಲಿ, ಅವಳು ಬೆರಳು ಕೊಡವಿ “ಸ್ಸ್” ಅನ್ನೋವರೆಗೆ ಯಾರೂ ಎಲೆಗೆ ಕೈ ಹಾಕುವುದಿಲ್ಲ.