ಬ್ರೇಕಿಲ್ಲದ ಗಾಡಿ, ಸಾವಕಾರ್ರ ಸನ್ಮಾನ

ಹೂಂಗುಟ್ಟೋರು ಹತ್ರ ಕೂತ್ಕೊಳ್ರಿ, ಆಕಳಿಸೋರು ಮನೆಗೆ ಹೋಗ್ರಿ. ಗೋಣೆಪ್ಪನ ಕತೆ ಹೇಳ್ತೀನಿ.

ಹಾಲಮ್ಮನಿಗೆ ಒಬ್ಬನೇ ಮಗ, ಗೋಣೆಪ್ಪ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಈ ಹೆಗ್ಗಣಕ್ಕೆ ಬುದ್ಧಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. "ಹಾಲು ಉಕ್ಕಿದ್ರೆ ಕರಿಯೋ" ಅಂದ್ರೆ, ಹಾಲು ಉಕ್ಕಿ ಒಲೆ ಆರೋ ತನಕ ನೋಡ್ತಿದ್ದು, ಆಮೇಲೆ "ಅವ್ವಾ, ಉಕ್ಕಿತು!" ಅಂತ ಕರೆಯೋನು. ಹಾಲಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಗಾಡಿ ಓಡಿಸೋದು ಮಾತ್ರ ಬರ್ತಿತ್ತು. ಮಂಡಕ್ಕಿ ಭಟ್ಟಿ ಉಜ್ಜಿನಪ್ಪ ಸಾವಕಾರ್ರಿಗೂ ಎದುರು ಮಾತಾಡದ ಡ್ರೈವರ್ ಬೇಕಿತ್ತು. ಎದುರು ಮಾತಾಡೋಕೆ ಬುದ್ಧಿ ಬೇಕಲ್ರೀ, ಸಾವಕಾರ್ರಿಗೆ ಹೇಳಿ ಮಾಡಿಸಿದಂಥ ಆಳು ಸಿಕ್ಕಿದ.

ಹಾಲಮ್ಮ ಹೇಳಿ ಕಳಿಸಿದಳು, "ಸಾವಕಾರ್ರು ಹೇಳಿದಂಗೆ ಕೇಳಪ್ಪ. ನಿನ್ನ ಬುದ್ಧಿ ಮಾತ್ರ ಓಡಿಸಬೇಡ. ಸಂಜೆಗೆ ಕೈಕಾಲು ನೆಟ್ಟಗಿಟ್ಕೊಂಡು ಮನೆಗೆ ಬಾ, ಅಷ್ಟು ಸಾಕು ನಂಗೆ."

ಗೋಣೆಪ್ಪ ಗಾಡಿ ಹತ್ತಿದ, ತುಳಿದ, ಇಳಿದ.

"ಸಾವಕಾರ್ರೇ, ಬ್ರೇಕ್ ಹಿಡೀತಿಲ್ಲ!"

"ಬ್ರೇಕ್ ಆಮೇಲೆ ನೋಡೋಣ. ಮೊದಲು ಬೋರ್ಡ್ ನೋಡೋ!"

ಗಾಡಿ ಮೇಲೆ ಹೊಸಾ ಬೋರ್ಡು: 'ಡ್ರೈವರನ ಸುರಕ್ಷತೆಯೇ ನಮ್ಮ ಉಸಿರು'. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!

"ಮೆಲ್ಲಗೆ ಹೋದೋನಿಗೆ ಬ್ರೇಕ್ ಯಾಕೋ? ನಡಕೊಂಡು ಹೋಗೋರನ್ನೂ ಹಿಂದೆ ಹಾಕಬೇಡ, ಹೋಗು!"

ಹೋದ. ಅಂಗಡಿಗೆ ಮಂಡಕ್ಕಿ ಹಾಕೋ ದಾರೀಲಿ ಒಬ್ಬ ಅಜ್ಜಿ ನಡಕೊಂಡು ಹೊರಟಿದ್ದಳು. ಗೋಣೆಪ್ಪ ಅವಳ ಹಿಂದೆ. ಅಜ್ಜಿ ಎಲೆ ಅಡಿಕೆ ಹಾಕ್ಕೊಳ್ಳೋಕೆ ಕೂತರೆ ಇವನೂ ನಿಂತ. ಅಜ್ಜಿ ಎದ್ದರೆ ಇವನೂ ಹೊರಟ. ಅಜ್ಜಿ ಮನೆ ಮುಟ್ಟಿದಾಗ ಗಾಡಿ ಅವಳ ಹಿತ್ತಲಲ್ಲಿತ್ತು. ಮಂಡಕ್ಕಿ ಅಂಗಡಿ ಮುಟ್ಟಲಿಲ್ಲ.

"ಥೂ ಮಂಕೇ! ಅಜ್ಜಿ ಹಿಂದೆ ಹೋಗ್ತಾರೇನೋ? ಬಿರಬಿರನೆ ಹೋಗೋರ ಹಿಂದೆ ಹೋಗಬೇಕು!"

"ಆಗ್ಲಿ ಸಾವಕಾರ್ರೇ."

ಮಾರನೇ ದಿನ ಬಿರಬಿರನೆ ಬಂತು ಆಂಬ್ಯುಲೆನ್ಸು. ಗೋಣೆಪ್ಪ ಅದರ ಹಿಂದೆ. ಅದು ಆಸ್ಪತ್ರೆ ಗೇಟಲ್ಲಿ ನಿಂತರೆ ಇವನ ಗಾಡಿ ನಿಲ್ಲಲಿಲ್ಲ, ಇವನು ಬ್ರೇಕ್ ತುಳಿದೇ ತುಳಿದ, ಗಾಡಿ ಹೋಗಿ ಬೇವಿನ ಮರಕ್ಕೆ ಒರಗಿಕೊಂಡಿತು. ರೋಗಿ ಇಳಿದ, ಇವನು ಮಂಡಕ್ಕಿ ಚೀಲ ಇಳಿಸಿದ.

"ಅಯ್ಯೋ ದಡ್ಡ! ತಿಳೀದಿದ್ರೆ ನನಗೆ ಫೋನ್ ಮಾಡಬಾರದೇನೋ? ಒಂದೊಂದಕ್ಕೂ ನನ್ನ ಕೇಳು!"

"ಕೇಳ್ತೀನಿ ಸಾವಕಾರ್ರೇ."

ಮಾರನೇ ದಿನ ಒಂದು ಕೈಯಲ್ಲಿ ಸ್ಟೀರಿಂಗು, ಒಂದು ಕೈಯಲ್ಲಿ ಫೋನು.

"ಸಾವಕಾರ್ರೇ, ಎಮ್ಮೆ ಅಡ್ಡ ಬಂತು. ಏನ್ ಮಾಡ್ಲಿ?"

"ಬ್ರೇಕ್ ಹಾಕೋ!"

"ಹಾಕ್ದೆ. ನಿಲ್ತಿಲ್ಲ. ಈಗೇನ್ ಮಾಡ್ಲಿ?"

ಸಾವಕಾರ್ರು ಫೋನ್ ಇಟ್ಟುಬಿಟ್ಟರು. ಬುದ್ಧಿವಂತರಲ್ವೇ?

ಎಮ್ಮೆ ತಪ್ಪಿಸಿಕೊಂಡಿತು, ಗಾಡಿ ತಿಪ್ಪೆಗೆ ಹೊಕ್ಕಿತು. ಗೋಣೆಪ್ಪನ ಹಣೆ ಒಡೆದು ರಕ್ತ. ಸುದ್ದಿ ಕೇಳಿ ಹಾಲಮ್ಮ ಎದ್ದು ಬಿದ್ದು ಓಡಿ ಬಂದಳು. ಮಗನ ಹಣೆಗೆ ಸೆರಗು ಒತ್ತಿ ಹಿಡಿದು, ಅವನನ್ನ ಎಳಕೊಂಡು ಭಟ್ಟಿ ಮುಂದೆ ನಿಂತಳು. ಓಣಿ ಜನವೆಲ್ಲ ಹಿಂದೆ.

"ಸಾವಕಾರ್ರೇ, ನನ್ನ ಮಗ ದಡ್ಡ, ಒಪ್ಕೋತೀನಿ. ದಡ್ಡನ ಜೀವ ಅಗ್ಗ ಏನ್ರೀ? ಇವನು ಗಾಡಿ ಹತ್ತಿದಾಗಿಂದ ನನ್ನ ಕಣ್ಣಿಗೆ ನಿದ್ದೆ ಹತ್ತಿಲ್ಲ. ಬ್ರೇಕ್ ಮಾಡಿಸ್ರೀ!"

ಜನ ನೋಡ್ತಿದ್ರಲ್ಲ, ಸಾವಕಾರ್ರು ಎದೆ ಉಬ್ಬಿಸಿ ಗುಡುಗಿದರು. "ಯಾರು ಬೇಡ ಅಂದ್ರು? ಲೋ ಗೋಣೆಪ್ಪಾ! ಬ್ರೇಕ್ ಸರಿ ಆಗೋ ತನಕ ಗಾಡಿ ಒಂದು ಗೇಣೂ ಅಲುಗಬಾರದು! ನಾನೇ ಬಂದು ಹೊರಡು ಅಂದ್ರೂ ಹೊರಡಬೇಡ!"

ಜನ ಚಪ್ಪಾಳೆ ತಟ್ಟಿದರು. ಈ ಮಾತು ವರ್ತಕರ ಸಂಘಕ್ಕೆ ಮುಟ್ಟಿತು. ಎಂಥಾ ದೊಡ್ಡ ಮನಸ್ಸು! ಸಂಘದವರು 'ಸುರಕ್ಷತಾ ರತ್ನ' ಅಂತ ಬಿರುದು ಕೊಡೋಕೆ ದಿನ ಗೊತ್ತು ಮಾಡಿದರು. ಬ್ರೇಕ್ ಮಾಡಿಸೋದು ಯಾರಿಗೂ ನೆನಪಾಗಲಿಲ್ಲ.

ಬೋರ್ಡ್ ಇರೋ ಗಾಡೀಲೇ ಮೆರವಣಿಗೆ ಹೋಗಬೇಕು ಅಂತ ಸಾವಕಾರ್ರ ಆಸೆ. ಗಾಡಿ ಸುತ್ತ ನೆಲ ಮುಟ್ಟೋ ಹಾಗೆ ಗೋಣೆಪ್ಪನ ಕೈಲೇ ಜರಿ ಬಟ್ಟೆ ಕಟ್ಟಿಸಿದರು. ಪೇಟ ಸುತ್ತಿಕೊಂಡು ಹತ್ತಿ ಕೂತರು.

"ಹೊರಡೋ!"

ಗೋಣೆಪ್ಪ ಕೆಳಗೇ ನಿಂತಿದ್ದ. "ನೀವು ಹೊರಡು ಅಂದ್ರೂ ಹೊರಡಬಾರದು ಅಂತ ನೀವೇ ಹೇಳೀರಲ್ರೀ."

"ಅದು ಜನದ ಮುಂದೆ ಹೇಳಿದ್ದೋ, ಮುಠ್ಠಾಳ!"

ಸಾವಕಾರ್ರು ತಾವೇ ಸ್ಟೀರಿಂಗ್ ಹಿಡಿದು ಚಾವಿ ತಿರುಗಿಸಿದರು. ಗಾಡಿ ಗುರ್ ಅಂತು. ಒತ್ತಿದರು. ಇನ್ನೂ ಜೋರಾಗಿ ಗುರ್ ಅಂತು.

"ಮೆಲ್ಲಗ್ರೀ ಸಾವಕಾರ್ರೇ! ಬ್ರೇಕ್ ಇಲ್ಲ!" ಅಂತ ಗೋಣೆಪ್ಪ ಕಿರುಚಿದ.

ಗಾಡಿ ಒಂದು ಗೇಣೂ ಅಲುಗಲಿಲ್ಲ. ಸಾವಕಾರ್ರು ಇಳಿದು ಜರಿ ಬಟ್ಟೆ ಎತ್ತಿ ನೋಡ್ತಾರೆ, ನಾಲ್ಕೂ ಕಡೆ ಗೋಡೆ ಕಟ್ಟೋ ಸೈಜುಗಲ್ಲು!

"ಚಕ್ರ ಎಲ್ಲೋ?"

"ಅಲುಗಬಾರದು ಅಂದ್ರಲ್ಲ, ಬಿಚ್ಚಿ ನಮ್ಮವ್ವನ ಮಂಚದ ಕೆಳಗೆ ಇಟ್ಟೀನಿ. ಈಗ ಮಾತ್ರ ಅತ್ಲಾಗೆ ಹೋಗಬೇಡ್ರಿ. ಬಾಳ ದಿನದ ಮೇಲೆ ಅವ್ವನಿಗೆ ನಿದ್ದೆ ಹತ್ತೈತಿ."